ಪಿಸುದನಿಯಲ್ಲಿ ಒಂದು ಹೆಸರು

ಶಬ್ದ ಇಲ್ಲದಾಗಲೂ ಬಸ್ ಡ್ರೈವರ್ ಗುಂಡಿ ಒತ್ತಿದ.

ಒಮ್ಮೆಯಲ್ಲ, ಮೂರು ಸಲ. ಗಾಜಿನ ಆಚೆ, ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಫೋಟೋ ತೆಗೆಸಿಕೊಳ್ಳುವವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಈಚೆ, ಕಿವಿ ಪರೀಕ್ಷೆ ಮಾಡುತ್ತಿದ್ದವನು ಯಂತ್ರದ ಮೇಲಿಂದ ಕೈ ತೆಗೆದು ಕಾದ. ಗುಂಡಿ ಒತ್ತಿದಾಗ ಹತ್ತುವ ಸಣ್ಣ ದೀಪ ನಾಲ್ಕನೆಯ ಸಲವೂ ಹತ್ತಿತು.

ಹದಿನೆಂಟು ವರ್ಷದಿಂದ ಊರವರ ಕಿವಿ ಪರೀಕ್ಷೆ ಮಾಡುತ್ತಿರುವವನಿಗೆ ಇದು ಹೊಸದಲ್ಲ. ಕಿವಿ ಹೋದವರಲ್ಲಿ ಎರಡು ಬಗೆ: ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡವರು, ಕೇಳಿಸಲೇಬೇಕಾದವರು. ಎರಡನೆಯ ಬಗೆಯವರು ಶಬ್ದಕ್ಕೆ ಕಾಯುವುದಿಲ್ಲ. ಗಾಜಿನಾಚೆಯಿಂದ ಪರೀಕ್ಷಕನ ಭುಜ ನೋಡುತ್ತಾರೆ. ಭುಜ ಅಲುಗಿದರೆ ಒತ್ತುತ್ತಾರೆ. ಅಲುಗದಿದ್ದರೆ, ಇಷ್ಟು ಹೊತ್ತಾಯಿತಲ್ಲ ಎಂದು ಒತ್ತುತ್ತಾರೆ.

ಆ ಹಾಳೆಯನ್ನು ಪಕ್ಕಕ್ಕಿಟ್ಟು, ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಪರೀಕ್ಷೆ ಮಾಡಿದ. ಅದೇ ಕಥೆ.

"ಹೇಗಿದೆ ಸಾರ್?" ಡ್ರೈವರ್ ಹೊರಗೆ ಬಂದು ನಿಂತೇ ಕೇಳಿದ.

"ಬಲಗಿವಿ ಪರವಾಗಿಲ್ಲ. ಎಡಗಿವಿಗೆ ನಾನು ಶಬ್ದವೇ ಬಿಡದಾಗಲೂ ನೀವು ಒತ್ತಿದ್ರಿ."

"ಬಿಟ್ಟಿರಲಿಲ್ವಾ?"

"ಇಲ್ಲ."

ಡ್ರೈವರ್ ತನ್ನ ಹೆಬ್ಬೆರಳನ್ನು ನೋಡಿಕೊಂಡ, ತಪ್ಪು ಅದರದ್ದು ಎಂಬಂತೆ. "ನೀವೊಂದು ಸೈನ್ ಹಾಕಿದ್ರೆ ಎರಡು ವರ್ಷ ಓಡ್ಸಬಹುದು ಸಾರ್. ಆಮೇಲೆ ನಾನೇ ಬಿಟ್ಟುಬಿಡ್ತೀನಿ. ಮಗಳ ಓದು ಮುಗಿಯುತ್ತೆ."

"ಕೇಳಿಸದೇ ಇದ್ದದ್ದನ್ನ ಕೇಳಿಸ್ತು ಅಂತ ಬರೆಯೋಕೆ ಆಗಲ್ಲ."

"ಸುಳ್ಳು ಹೇಳ್ಲಿಲ್ಲ ಸಾರ್ ನಾನು. ನಿಜವಾಗ್ಲೂ ಕೇಳಿಸಿದ ಹಾಗಾಯ್ತು. ಅಷ್ಟು ಹೊತ್ತು ಕಿವಿ ಕೊಟ್ಟು ಕೂತ್ರೆ ಏನೋ ಒಂದು ಕೇಳಿಸುತ್ತೆ, ಅಲ್ವಾ?"

ಅವನು ನಮೂನೆಯ ಕೆಳಗೆ 'ಅನರ್ಹ' ಎಂದು ಬರೆದ. ಅಕ್ಷರ ಚೆನ್ನಾಗಿ ಬಂತು. ಡ್ರೈವರ್ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, "ಬರ್ತೀನಿ ಸಾರ್," ಎಂದ. ಬರುವವನ ದನಿ ಅದಾಗಿರಲಿಲ್ಲ.

ಫೋನು ಬಡಿದುಕೊಂಡಿತು. ಮೋಜಣಿದಾರರು.

"ಡಾಕ್ಟ್ರೇ, ಬಂತು!"

ಅವನು ಡಾಕ್ಟರಲ್ಲ. ಮೊದಲ ವರ್ಷ ತಿದ್ದುತ್ತಿದ್ದ.

"ಏನು ಬಂತು?"

"ಬಿಷಪ್ ಆಫೀಸಿಂದ ಕಾಗದ. ನಾನು ಹೇಳಿರಲಿಲ್ವಾ? ಗಾಳಿ ತಿರುಗಿದೆ ರೀ. ಐದೇ ವಾರಕ್ಕೆ ತಿರುಗಿದೆ. ಈ ಪೋಪ್ ನಮ್ಮೋರು."

ಐದು ವಾರದ ಹಿಂದೆ ಹೊಸ ಪೋಪ್ ಉಪ್ಪರಿಗೆಗೆ ಬಂದು ಜನಕ್ಕೆ ಕೈ ಎತ್ತಿದಾಗ ಅವರೆಲ್ಲ ಮೋಜಣಿದಾರರ ಮನೆಯ ಟಿವಿ ಮುಂದೆ ಇದ್ದರು. ಎಲ್ಲ ಎಂದರೆ ಹದಿನೇಳು ಜನ. ಈಗ ವಿಶೇಷ ಅನುಮತಿ ಇದ್ದರಷ್ಟೇ ಚರ್ಚು ಬಿಡುವ ಹಳೆಯ ಕ್ರಮದ ಲ್ಯಾಟಿನ್ ಪೂಜೆಗೆ ಈ ಊರಿನಲ್ಲಿ ಉಳಿದಿರುವುದು ಅಷ್ಟೇ. ನಲವತ್ತು ವರ್ಷ ಜಮೀನು ಅಳೆದು ನಿವೃತ್ತರಾದ ಮೋಜಣಿದಾರರು ಟಿವಿಯನ್ನು ನಿಲ್ಲಿಸಿ, ಚೌಕಟ್ಟಿನೊಳಗೆ ನಿಂತುಬಿಟ್ಟ ಪೋಪರ ತೋಳಿನ ಕಸೂತಿಯ ಮೇಲೆ ಅಡಿಪಟ್ಟಿ ಇಟ್ಟರು. ಪೋಪರ ಹೆಬ್ಬೆರಳಿನ ಅಳತೆಯ ಜೊತೆ ತಾಳೆ ನೋಡಿದರು. ಕಸೂತಿ ಉದ್ದವಿದ್ದಷ್ಟೂ ಹಳೆಯ ಕ್ರಮದ ಕಡೆ ಒಲವು ಎಂಬುದು ಅವರ ಲೆಕ್ಕ. "ಒಂಬತ್ತು ಇಂಚು," ಎಂದರು. "ಹಿಂದಿನವರಿಗೆ ಮೂರೂ ಇರಲಿಲ್ಲ." ಹೆಂಗಸೊಬ್ಬರು ಕಣ್ಣು ಒರೆಸಿಕೊಂಡರು.

ಆಮೇಲೆ ಐದು ವಾರ ಪೋಪ್ ಹಳೆಯ ಪೂಜೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನೂ ಮೋಜಣಿದಾರರು ಅಳೆದಿದ್ದರು. ವಿರೋಧ ಇರುವವರು ಮೊದಲ ವಾರವೇ ಬಾಯಿ ಬಿಡುತ್ತಾರೆ ಎಂಬುದು ಅವರ ತರ್ಕ.

"ಕಾಗದದಲ್ಲಿ ಏನಿದೆ?" ಅವನು ಕೇಳಿದ.

"ನಮ್ಮ ಅನುಮತಿ ಈ ತಿಂಗಳಿಗೆ ಮುಗಿಯುತ್ತಲ್ಲ, ಅದನ್ನ ಎರಡು ವರ್ಷ ಮುಂದುವರಿಸೋ ವಿಚಾರ. ಒಂದೇ ಒಂದು ಷರತ್ತು. ಬೇರೆ ಯಾವುದೋ ಊರಲ್ಲಿ ನಮ್ಮಂಥೋರ ಗುಂಪು ಪೂಜೆಲಿ ಪೋಪ್ ಹೆಸರೇ ಹೇಳ್ತಿರಲಿಲ್ವಂತೆ. ಪೋಪನ್ನೇ ಒಪ್ಪದ ತಲೆಕೆಟ್ಟೋರು. ಅದಕ್ಕೆ ಈಗ ಎಲ್ಲ ಕಡೆ ಕೇಳ್ತಿದ್ದಾರೆ: ನಿಮ್ಮ ಪಾದ್ರಿ ಈಗಿನ ಪೋಪ್ ಹೆಸರು ಹೇಳ್ತಾರೋ ಇಲ್ವೋ. ಕಿವಿಯಾರೆ ಕೇಳಿದೋರು ಸೈನ್ ಹಾಕ್ಬೇಕು."

"ಕಿವಿಯಾರೆ."

"ಅಂದ್ರೆ ನೀವೇ ಅಲ್ವಾ? ಪೀಠದ ಹತ್ರ ಇರೋರು ನೀವೊಬ್ರೇ. ನಾವು ಹಿಂದೆ ಕೂತೋರಿಗೆ ಏನು ಕೇಳಿಸುತ್ತೆ, ಮಣ್ಣು? ಸಾಯಂಕಾಲ ಪೂಜೆ ಆದ್ಮೇಲೆ ಬಿಷಪ್ ಸೆಕ್ರೆಟರಿ ಖುದ್ದು ಬಂದು ಇಸ್ಕೊಂಡು ಹೋಗ್ತಾರೆ. ಒಂದು ಗೀಟು ಎಳೆದು ಕೊಡಿ, ಮುಗೀತು."

ಅವನು ಹೂಂ ಎಂದ. ಮೇಜಿನ ಮೇಲೆ ಡ್ರೈವರನ ಕೆಟ್ಟುಹೋದ ಹಾಳೆ ಬಿದ್ದಿತ್ತು. ಎಡಗಿವಿಗೆ ಎಷ್ಟು ಕೇಳುತ್ತದೆಂದು ತೋರಿಸುವ ಗೀಟು ಇಳಿಜಾರಾಗಿ ಬಂದು, ಅರ್ಧದಲ್ಲಿ ಸುಳ್ಳು ಹೇಳಲು ತೊಡಗಿ, ಮತ್ತೆ ಮೇಲೆದ್ದಿತ್ತು.

*

ಹಳೆಯ ಪೂಜೆಯಲ್ಲಿ ಪಾದ್ರಿ ಜನರಿಗೆ ಬೆನ್ನು ಹಾಕಿ, ಪೀಠಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನಡುವಿನ ದೊಡ್ಡ ಪ್ರಾರ್ಥನೆಯನ್ನು ಪಿಸುದನಿಯಲ್ಲಿ ಹೇಳುತ್ತಾರೆ. ಪೋಪ್ ಹೆಸರು ಬರುವುದು ಅಲ್ಲಿ. ಕೇಳಿಸುವುದಾದರೆ ಮೊಣಕಾಲೂರಿ ಗಂಟೆ ಹಿಡಿದವನೊಬ್ಬನಿಗೆ ಕೇಳಿಸಬೇಕು. ಹತ್ತು ವರ್ಷದಿಂದ ಗಂಟೆ ಅವನ ಕೈಯಲ್ಲಿತ್ತು.

ಆರು ವರ್ಷದ ಹಿಂದೆ ಒಂದು ಶನಿವಾರ, ಎಲ್ಲರೂ ದೊಡ್ಡ ಫಾದರ್ ಎನ್ನುವ ಅವರ ಮುದಿ ಪಾದ್ರಿ ಬೇರೆ ಹೆಸರು ಹೇಳಿದರು. ಅವರು ಗುರುದೀಕ್ಷೆ ತೆಗೆದುಕೊಂಡ ವರ್ಷ ಪೋಪ್ ಆಗಿದ್ದವರ ಹೆಸರು. ಆ ಪೋಪ್ ತೀರಿಕೊಂಡು ಐವತ್ತು ವರ್ಷದ ಮೇಲಾಗಿತ್ತು. ಬಾಯಿ ತಪ್ಪಿರಬೇಕು ಎಂದುಕೊಂಡ. ಮುಂದಿನ ಶನಿವಾರವೂ ಅದೇ. ಅದರ ಮುಂದಿನದೂ ಅದೇ. ಸತ್ತವರ ಆರೋಗ್ಯಕ್ಕಾಗಿ, ಅವರ ಆಳ್ವಿಕೆ ಚೆನ್ನಾಗಿರಲೆಂದು, ಪ್ರತಿ ಶನಿವಾರ ಐದೂವರೆಗೆ ಪ್ರಾರ್ಥನೆ ಸಲ್ಲುತ್ತಿತ್ತು.

ಅವನು ಯಾರಿಗೂ ಹೇಳಲಿಲ್ಲ. ಮೊದಲು ಗೌರವದಿಂದ. ಆಮೇಲೆ ತಡವಾಯಿತು ಎಂಬ ಸಂಕೋಚದಿಂದ. ಕೊನೆಕೊನೆಗೆ, ಲೋಕದಲ್ಲಿ ತನಗೊಬ್ಬನಿಗೇ ಗೊತ್ತಿರುವ ಒಂದೇ ಒಂದು ವಿಷಯ ಅದು ಎಂಬ ಕಾರಣಕ್ಕೆ. ನಡುವೆ ಒಬ್ಬ ಪೋಪ್ ಹೋದರು, ಇನ್ನೊಬ್ಬರು ಬಂದರು. ಹದಿನೇಳು ಜನ ಅತ್ತರು, ನಕ್ಕರು. ದೊಡ್ಡ ಫಾದರಿಗೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿ ಅಡುಗೆಮನೆಯ ನಲ್ಲಿಗೆ ಬಟ್ಟೆ ಸುತ್ತುತ್ತಿದ್ದಳು.

"ಮೂರು ಸಲ ಕರೆದೆ," ಎಂದಳು. "ಊರೋರ ಕಿವಿ ನೋಡೋ ಮನುಷ್ಯ. ಮನೇಲಿ ಕೂಗಿ ಕೂಗಿ ಗಂಟಲು ಹರಿಬೇಕು."

"ಕೇಳಿಸ್ಲಿಲ್ಲ."

"ಕೇಳಿಸುತ್ತೆ ನಿಮಗೆ. ಕಿವಿಗೆ ಹಾಕ್ಕೊಳ್ಳಲ್ಲ ಅಷ್ಟೇ." ಬಟ್ಟೆಯ ಗಂಟು ಬಿಗಿದಳು. ನೀರು ಬಟ್ಟೆಯ ಕೆಳಗಿಂದ ತೊಟ್ಟಿಕ್ಕತೊಡಗಿತು. "ನಿಮ್ಮ ಮೋಜಣಿದಾರರು ಲ್ಯಾಂಡ್‌ಲೈನಿಗೂ ಮಾಡಿದ್ರು. ಹೊಸ ಪೋಪ್ ನಿಮ್ಮ ಮಾತು ಕೇಳ್ತಾರಂತೆ?"

"ಕೇಳಬಹುದು ಅಂತ ಅವರ ನಂಬಿಕೆ."

"ಹಾಗಿದ್ರೆ ಈ ನಲ್ಲಿ ವಿಷಯಾನೂ ಒಂದು ಮಾತು ಹಾಕಿ."

ಅವಳು ಮಗಳ ಜೊತೆ ಭಾನುವಾರ ದೊಡ್ಡ ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿ ಗಿಟಾರು, ಮೈಕು, ಚಪ್ಪಾಳೆ, ಎಲ್ಲರಿಗೂ ತಿಳಿಯುವ ಭಾಷೆ. ಮಗಳು ಅಲ್ಲಿ ಹಾಡುತ್ತಿದ್ದಳು; ಚೆನ್ನಾಗಿ ಹಾಡುತ್ತಾಳೆ ಎಂದು ಬೇರೆಯವರು ಅವನಿಗೆ ಹೇಳಿದ್ದರು.

"ನಾಳೆ ಅವಳದ್ದು ಒಂಟಿ ಹಾಡಿದೆ," ಎಂದಳು ಹೆಂಡತಿ. "ಬರ್ತೀರಾ?"

"ನೋಡ್ತೀನಿ."

"ನೋಡೋದಕ್ಕಲ್ಲ ರೀ. ಕೇಳೋದಕ್ಕೆ."

ಅವನು ತಟ್ಟೆ ನೋಡಿಕೊಂಡು ಊಟ ಮಾಡಿದ. ಒಂದು ಸಲ, ಬಹಳ ಹಿಂದೆ, ಅವಳು ಕೇಳಿದ್ದಳು: ಅಲ್ಲಿ ಏನಿದೆ ಅಂತ ಹೋಗ್ತೀರಿ? ಮೌನ ಇದೆ ಎಂದಿದ್ದ. ದಿನವಿಡೀ ಜನರನ್ನು 'ಕೇಳಿಸ್ತಾ, ಕೇಳಿಸ್ತಾ' ಎಂದು ಕೇಳುವವನಿಗೆ ಹಾಗೆ ಯಾರೂ ಕೇಳದ ಒಂದು ಗಂಟೆ. ಹಾಗಾದರೆ ನಿಮಗೆ ಬೇಕಾಗಿರೋದು ದೇವರಲ್ಲ, ನಿದ್ದೆ ಎಂದಿದ್ದಳು. 

ಹೊರಡುವ ಮುಂಚೆ ಡ್ರೈವರನ ಕೆಟ್ಟ ಹಾಳೆಯನ್ನು ಚೀಲದಿಂದ ತೆಗೆದು ಅರ್ಧಕ್ಕೆ ಕತ್ತರಿಸಿದ. ಹಿಂಬದಿಯ ಬಿಳಿಯ ಮೇಲೆ ದಪ್ಪ ಪೆನ್ನಿನಲ್ಲಿ ಹೊಸ ಪೋಪ್ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆದ. ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ. ಸುಳ್ಳು ಹೇಳಬೇಕಾದ ಪ್ರಸಂಗವೇ ಬರಬಾರದು. ಅವರು ಹೇಳಲಿ, ತಾನು ಕೇಳಲಿ, ಸೈನ್ ಹಾಕಲಿ. ಅಷ್ಟೇ ತಾನೆ.

*

ಮೊದಲು ಪೂಜೆ ದೊಡ್ಡ ಚರ್ಚಿನೊಳಗೇ ಒಂದು ಪಕ್ಕದ ಕಲ್ಲುಪೀಠದಲ್ಲಿ ನಡೆಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಬಿಷಪ್ ಅದನ್ನು ಶಾಲೆಯ ಆಟದ ಹಾಲಿಗೆ ಕಳಿಸಿದರು. ಚಕ್ರ ಇರುವ ಮೇಜನ್ನು ತಳ್ಳಿಕೊಂಡು ಬಂದು ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಮೇಲೆ ಮೂರು ಪದರ ಬಿಳಿ ಬಟ್ಟೆ ಹಾಸಿದರೆ ಪೀಠ. ತಲೆಗೆ ಕಪ್ಪು ಜಾಲರಿ ಹೊದ್ದ ಹೆಂಗಸರು ನೆಲದ ಹಳದಿ ಗೀಟಿನ ಮೇಲೆ ಮೊಣಕಾಲೂರುತ್ತಿದ್ದರು. ಗೀಟು ದಾಟಿ ಯಾರೂ ಮುಂದೆ ಬರುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ.

ಆಟದ ಸಾಮಾನಿಡುವ ಕೋಣೆಯಲ್ಲಿ ದೊಡ್ಡ ಫಾದರ್ ಪೂಜೆಯ ಉಡುಪು ಹಾಕಿಕೊಳ್ಳುತ್ತಿದ್ದರು. ಮಕ್ಕಳು ಓಡಿಬಂದು ಹಾರುವ ಚರ್ಮದ ಕುದುರೆಯ ಮೇಲೆ ಒಂದೊಂದಾಗಿ ಹರವಿದ್ದ ವಸ್ತ್ರಗಳನ್ನು ಅವನು ಎತ್ತಿ ಕೊಟ್ಟ. ಎಂಬತ್ತೇಳರ ಮೈ ಹಕ್ಕಿಯಷ್ಟು ಹಗುರಾಗಿತ್ತು. ಈ ಪೂಜೆ ನಿಂತರೆ ಅವರನ್ನು ಬೇರೆ ಊರಿನ ವೃದ್ಧ ಪಾದ್ರಿಗಳ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅದು ಅವರಿಗೂ ಗೊತ್ತಿತ್ತು, ಕೆಲವು ದಿನ.

"ಫಾದರ್," ಎಂದ, ಬಲಗಿವಿಯ ಹತ್ತಿರ ಬಾಗಿ. "ಪೋಪ್ ಹೆಸರು. ಚೀಟಿಲಿ ಬರ್ದಿದ್ದೀನಿ. ಪೀಠದ ಮೇಲೆ, ನಿಮ್ಮ ಕಣ್ಣಿಗೆ ಕಾಣೋ ಹಾಗೆ ಇಡ್ತೀನಿ."

ಅವರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಯಾರಪ್ಪಾ ಇವರು?"

"ಹೊಸ ಪೋಪ್, ಫಾದರ್."

"ಓ. ಯಾವಾಗ?"

"ಐದು ವಾರ ಆಯ್ತು."

"ಯಾರೂ ಹೇಳ್ಲೇ ಇಲ್ಲ ನೋಡು." ಬೇಸರವೇನೂ ಇರಲಿಲ್ಲ. "ಒಳ್ಳೆಯವರಾ?"

"ನಮ್ಮವರು ಹಾಗಂತಾರೆ."

"ನೀನು ಏನಂತೀಯ?"

ಅವನು ಸೊಂಟದ ದಾರ ಕಟ್ಟುತ್ತ ಬಗ್ಗಿದ್ದ. ಗಂಟು ಬಿಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ಹೊತ್ತಾಯ್ತು ಫಾದರ್," ಎಂದ.

ಹಿಂದಿನ ಸಾಲಿನಲ್ಲಿ ಬಿಷಪ್ಪರ ಸೆಕ್ರೆಟರಿ ಬಂದು ಕೂತಿದ್ದರು. ಮೂವತ್ತೈದರ ಪಾದ್ರಿ; ಮೊಣಕಾಲೂರುವಾಗ ಪ್ಯಾಂಟಿನ ಮಡಿಕೆ ನೋಡಿಕೊಂಡರು. ಪೂಜೆಯಲ್ಲಿ ಪಾದ್ರಿಗೆ ಜನ ಹೇಳಬೇಕಾದ ಲ್ಯಾಟಿನ್ ಉತ್ತರಗಳನ್ನೆಲ್ಲ ಮೋಜಣಿದಾರರು ಸೆಕ್ರೆಟರಿಗೆ ಕೇಳುವಷ್ಟು ಜೋರಾಗಿ ಹೇಳಿದರು.

ಅವನು ಮೂರು ಸಲ ಗಂಟೆ ಬಾರಿಸಿದ. ಇಡೀ ಹಾಲ್ ಸ್ತಬ್ಧವಾಯಿತು.

ಪಿಸುದನಿಯ ಜಾಗ ಬಂದಿತ್ತು. ಅವನು ಕುತ್ತಿಗೆ ಮುಂದೆ ಚಾಚಿದ. ಫಾದರರ ಕೈಗಳು ಅಗಲವಾಗಿ ಎದ್ದವು, ಕೂಡಿದವು. ಪಕ್ಕದಿಂದ ಕಾಣುವ ತುಟಿಯ ಅಂಚು ಆಡಿತು. ಪೀಠದ ಮೇಲೆ ಚೀಟಿ ಕಾಣಿಸುತ್ತಿರಲಿಲ್ಲ. ಅವರ ಬೆನ್ನು ಅಡ್ಡ ಇತ್ತು. ತುಟಿ ನಿಂತಿತು. ಮತ್ತೆ ಆಡಿತು.

ಅವನಿಗೆ ಏನೂ ಕೇಳಿಸಲಿಲ್ಲ.

ಹೊಸ ಹೆಸರಲ್ಲ. ಹಳೆಯ ಹೆಸರೂ ಅಲ್ಲ. ಏನೂ ಇಲ್ಲ. ಫಾದರ್ ದನಿಯೇ ತೆಗೆಯದೆ ತುಟಿ ಆಡಿಸಿದರೇ? ಅಥವಾ ಆರು ವರ್ಷದಿಂದ ಕೇಳುತ್ತಿದ್ದವನ ಕಿವಿ ಇವತ್ತು ಕೈಕೊಟ್ಟಿತೇ? ಕಳೆದ ಶನಿವಾರ ಕೇಳಿಸಿತ್ತೇ? ಕೇಳಿಸಿತ್ತು ಅನ್ನಿಸಿತು. ಆ ತುಟಿಯನ್ನು ಇಷ್ಟು ವರ್ಷ ನೋಡಿ, ಆ ಹೆಸರು ಬರುವ ಹೊತ್ತು ಗೊತ್ತಿದ್ದು, ಗೊತ್ತಿರುವುದೇ ಕೇಳಿಸುತ್ತಿತ್ತೋ ಏನೋ. ಹಿಂದೆ ಹದಿನಾರು ಜನ ಉಸಿರು ಬಿಗಿಹಿಡಿದು ಅವನ ಭುಜ ನೋಡುತ್ತಿದ್ದರು. ಹಾಗೆಂದು ಅವನಿಗೆ ತಿರುಗಿ ನೋಡದೆಯೂ ಗೊತ್ತಾಯಿತು.

ಭುಜ ಅಲುಗಿಸದೆ ಊರಿದ ಮೊಣಕಾಲಲ್ಲೇ ಇದ್ದ. ಮುಂದಿನ ಗಂಟೆಯನ್ನು ಸರಿಯಾದ ಹೊತ್ತಿಗೆ ಬಾರಿಸಿದ.

*

ನಮೂನೆ ಎರಡೇ ಸಾಲಿನದು. 'ಪೂಜೆಯ ಪ್ರಾರ್ಥನೆಯಲ್ಲಿ ಈಗಿನ ಜಗದ್ಗುರು ಪೋಪರ ಹೆಸರನ್ನು ಪಾದ್ರಿಯವರು ಉಚ್ಚರಿಸಿದ್ದನ್ನು ಖುದ್ದಾಗಿ ಕೇಳಿದ್ದೇನೆ.' ಕೆಳಗೆ ಸಹಿಗೆ ಚುಕ್ಕೆಯ ಗೀಟು. ಸೆಕ್ರೆಟರಿ ಹಾಳೆಯನ್ನು ಚರ್ಮದ ಕುದುರೆಯ ಬೆನ್ನಿನ ಮೇಲೆ ಇಟ್ಟು ಪೆನ್ನು ಕೊಟ್ಟರು.

"ಕೇಳಿಸ್ತಲ್ವಾ?" ಎಂದರು. ಕೇಳುವ ಶಾಸ್ತ್ರಕ್ಕೆ ಕೇಳಿದ ಹಾಗೆ.

ಫಾದರ್ ಮೂಲೆಯ ಬೆಂಚಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಮೋಜಣಿದಾರರು ಬಾಗಿಲಲ್ಲಿ ನಿಂತಿದ್ದರು.

"ಕೇಳಿಸ್ತು," ಎಂದ. ಸೈನ್ ಹಾಕಿದ. ಕುದುರೆಯ ಚರ್ಮ ಮೆತ್ತಗಿದ್ದುದರಿಂದ ಪೆನ್ನು ಒಂದು ಕಡೆ ಕಾಗದ ತೂತು ಮಾಡಿತು.

"ಹಾಗಾದ್ರೆ ಫಾದರ್," ಮೋಜಣಿದಾರರು ಸೆಕ್ರೆಟರಿಯ ಕಡೆ ಬಂದರು, "ಎರಡು ವರ್ಷ ಖಾತ್ರಿ ಅನ್ಕೊಳ್ಳೋಣ್ವಾ? ಕಲ್ಲುಪೀಠದ ವಿಷಯ?"

"ಇದು ಸುಮ್ಮನೆ ಫೈಲಿಗೆ." ಸೆಕ್ರೆಟರಿ ಹಾಳೆ ಮಡಿಸಿದರು. "ನಿರ್ಧಾರ ಎಲ್ಲ ಮೇಲಿಂದ ಬರಬೇಕು."

"ಮೇಲಿಂದ ಏನು ಬಂದಿದೆ?"

"ಏನೂ ಬಂದಿಲ್ಲ."

"ಬರೋ ಲಕ್ಷಣ?"

"ಗೊತ್ತಿಲ್ಲ. ಏನಾದ್ರೂ ಬಂದ್ರೆ ತಿಳಿಸ್ತೀವಿ." ಅವರ ಕಾರು ಹೊರಟುಹೋಯಿತು.

ಮೋಜಣಿದಾರರು ಅವನ ತೋಳು ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. "ಕೇಳಿಸ್ಕೊಂಡ್ರಾ ಡಾಕ್ಟ್ರೇ? ಏನೂ ಬಂದಿಲ್ಲ ಅಂದ್ರು! ಮುಚ್ಚೋದಾಗಿದ್ರೆ ಇಷ್ಟೊತ್ತಿಗೆ ಬಂದಿರಬೇಕಿತ್ತು. ಐದು ವಾರ ರೀ! ನಮ್ಮೋರೇ, ಸಂಶಯ ಬೇಡ." ಅವರು ಹೊರಗೆ ಕಾಯುತ್ತಿದ್ದವರಿಗೆ ಸುದ್ದಿ ಹೇಳಲು ಓಡಿದರು. ಆ ಕಡೆಯಿಂದ ಸಂತೋಷದ ಗದ್ದಲ ಬಂತು. ಗದ್ದಲ ಅವನಿಗೆ ಕೇಳಿಸಿತು. ಒಂದು ಕ್ಷಣ ಸಮಾಧಾನವಾಯಿತು.

ಅವನು ಹಾಲಿಗೆ ಹೋಗಿ ಮೇಜಿನ ಬಟ್ಟೆ ತೆಗೆಯತೊಡಗಿದ. ಚೀಟಿ ತಾನು ಇಟ್ಟ ಕಡೆಯೇ ಇತ್ತು. ಹೆಸರು ಕೆಳಗಾಗಿತ್ತು. ಡ್ರೈವರನ ಎಡಗಿವಿಯ ಗೀಟು ಮೇಲಾಗಿತ್ತು. ಗಾಳಿಗೆ ಯಾವಾಗ ಮಗುಚಿತೋ, ತಾನೇ ಹಾಗೆ ಇಟ್ಟಿದ್ದನೋ.

"ಅಪ್ಪಾ," ದೊಡ್ಡ ಫಾದರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಗುಡ್ಡ ಇಳಿದ ಹಾಗೆ ಒಂದು ಗೀಟು ಇತ್ತಲ್ಲ, ಏನದು?"

"ಏನಿಲ್ಲ ಫಾದರ್. ರದ್ದಿ ಕಾಗದ."

"ಓ." ಒಳಗೆ ಒಂದು ಹೆಜ್ಜೆ ಇಟ್ಟರು. "ಇವತ್ತು ನಾನು ಯಾರ ಹೆಸರು ಹೇಳ್ದೆ?"

ಅವನು ಬಟ್ಟೆ ಮಡಿಸುತ್ತಿದ್ದ. ಕೇಳಿಸದವನ ಹಾಗೆ ಮಡಿಸಿದ. ಫಾದರ್ ಇನ್ನೊಮ್ಮೆ ಕೇಳಲಿಲ್ಲ. ಇಟ್ಟಿಗೆ ತೆಗೆದೊಡನೆ ಪೀಠ ತಾನಾಗಿ ಒಂದು ಗೇಣು ಉರುಳಿತು.

*

ಮನೆಗೆ ಹೋಗುವ ದಾರಿಯಲ್ಲೇ ಅವನ ಕೆಲಸದ ಜಾಗವಿತ್ತು. ಬೀಗ ತೆಗೆದ. ಆರೂವರೆ, ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಫೋನನ್ನು ಮೇಜಿನ ಮೇಲೆ ಇಟ್ಟ. ಯಂತ್ರವನ್ನು ತಾನಾಗಿ ನಡೆಯುವಂತೆ ತಿರುಗಿಸಿದ. ಆ ಸೌಕರ್ಯವೂ ಅದರಲ್ಲಿತ್ತು. ಪರೀಕ್ಷಕನಿಲ್ಲದೆ ಅದೇ ಶಬ್ದ ಬಿಡುತ್ತದೆ, ಅದೇ ಬರೆದುಕೊಳ್ಳುತ್ತದೆ.

ಪುಟ್ಟ ಕೋಣೆಯೊಳಗೆ ಹೋಗಿ ದಪ್ಪ ಬಾಗಿಲು ಎಳೆದುಕೊಂಡ. ಹದಿನೆಂಟು ವರ್ಷದಲ್ಲಿ ಈ ಕುರ್ಚಿಯ ಮೇಲೆ ಅವನು ಕೂತಿರಲಿಲ್ಲ. ಕುರ್ಚಿ ತಗ್ಗಾಗಿತ್ತು. ಹೆಡ್‌ಫೋನ್ ಹಾಕಿಕೊಂಡು ಗುಂಡಿ ಹಿಡಿದ. ಬೆನ್ನು ತಾನಾಗಿ ನೆಟ್ಟಗಾಯಿತು.

ಕಾದ.

ಗಾಜಿನ ಆಚೆ ಅವನ ಖಾಲಿ ಕುರ್ಚಿ. ಶಬ್ದ ಬಿಟ್ಟಾಗ ಹತ್ತುವ ದೀಪ ಆ ಕಡೆಗೆ ಮುಖ ಮಾಡಿತ್ತು. ಕೂತವರು ನೋಡಿ ಮೋಸ ಮಾಡಬಾರದೆಂದು ಅವನೇ ಹಾಗೆ ತಿರುಗಿಸಿಟ್ಟಿದ್ದ. ಯಂತ್ರ ಶುರುವಾಗಿದೆಯೋ ಇಲ್ಲವೋ ಇಲ್ಲಿಂದ ತಿಳಿಯುವಂತಿರಲಿಲ್ಲ. ನೋಡಲು ಅಲ್ಲಿ ಭುಜವೂ ಇರಲಿಲ್ಲ.

ಮೇಜಿನ ಮೇಲೆ ಫೋನು ಬೆಳಗಿತು. ಮೋಜಣಿದಾರರು ಇರಬಹುದು, ಮೇಲಿಂದ ಏನಾದರೂ ಬಂದ ಸುದ್ದಿ ಇರಬಹುದು. ಹೆಂಡತಿ ಇರಬಹುದು, ಮೂರನೆಯ ಸಲ. ಹೆಸರು ಇಷ್ಟು ದೂರಕ್ಕೆ ಕಾಣಲಿಲ್ಲ. ಫೋನು ನಡುಗುತ್ತ, ಬೆಳಗುತ್ತ, ನಯವಾದ ಮೇಜಿನ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಅಂಚಿನ ಕಡೆಗೆ ಸರಿಯುತ್ತಿತ್ತು. ಒಂದಿಷ್ಟೂ ಸದ್ದಿಲ್ಲ, ಕಿವಿಯ ಮೇಲಿನ ಹೆಡ್‌ಫೋನಿನಲ್ಲೂ ಇಲ್ಲ.

ಅವನು ಗುಂಡಿ ಒತ್ತಿದ.

ಫೋನು ಸರಿಯಿತು.

ಮತ್ತೆ ಒತ್ತಿದ.